ಒಳಗಾಳಿಯ ಫಾರ್ಮಾಲ್ಡಿಹೈಡ್, ಬೆಂಜೀನ್ ಅಳೆಯಲು ಯಾವ ಸರಂಧ್ರ ವಸ್ತು? ಕರಾವಳಿಯ ತೇವಕ್ಕೆ ಯಾವುದು ತಡೆಯುತ್ತದೆ?

ಕಡಲತಡಿ
ಎಲ್ಲರಿಗೂ ನಮಸ್ಕಾರ. ಎಂ.ಎಸ್‌ಸಿ. ವಿದ್ಯಾರ್ಥಿಗಳ ಪ್ರಾಜೆಕ್ಟಿಗಾಗಿ ಕೇಳುತ್ತಿದ್ದೇನೆ. ಮಂಗಳೂರಿನ ಹೊಸ ಫ್ಲ್ಯಾಟ್‌ಗಳ ಒಳಗಾಳಿ ಅಳೆಯಬೇಕು. ಎಲ್ಲ ಕಡೆ ಮಾಡ್ಯುಲರ್ ಕಿಚನ್, ಪಾರ್ಟಿಕಲ್ ಬೋರ್ಡಿನ ವಾರ್ಡ್‌ರೋಬ್, ಈಗಷ್ಟೇ ಬಳಿದ ಬಣ್ಣ. ಮುಖ್ಯವಾಗಿ ಬೇಕಾದದ್ದು ಫಾರ್ಮಾಲ್ಡಿಹೈಡ್, ಬೆಂಜೀನ್, ಟಾಲೂಯಿನ್. ವಿಭಾಗದಲ್ಲಿ ಥರ್ಮಲ್ ಡಿಸಾರ್ಪ್ಷನ್ (ನಳಿಕೆ ಕಾಯಿಸಿ ಹಿಡಿದದ್ದನ್ನು ಬಿಡಿಸುವ ಸಾಧನ) ಜೋಡಿಸಿದ ಜಿಸಿ-ಎಂಎಸ್ (ಆವಿಗಳನ್ನು ಬೇರ್ಪಡಿಸಿ ಗುರುತಿಸುವ ಯಂತ್ರ) ಇದೆ, ದ್ರಾವಣಗಳನ್ನು ಬೇರ್ಪಡಿಸುವ, ಎಚ್‌ಪಿಎಲ್‌ಸಿಯೂ ಇದೆ.

ಕೇಳಬೇಕಾದದ್ದು ಮೂರು. ಮೇಲ್ಮೈ ಹೆಚ್ಚಿದ್ದಷ್ಟೂ ಹಿಡಿತ ಹೆಚ್ಚು ಎನ್ನುವುದಾದರೆ, ಆವಿ ಹಿಡಿಯುವ ಪಾಲಿಮರ್ ಪುಡಿಯಾದ ಟೆನಾಕ್ಸ್ ಬಿಟ್ಟು ಮಾಫ್ (ಲೋಹ ಮತ್ತು ಸಾವಯವ ಕೊಂಡಿಗಳಿಂದ ಕಟ್ಟಿದ ಸರಂಧ್ರ ಚೌಕಟ್ಟು) ತುಂಬಿದ ನಳಿಕೆ ಏಕೆ ಬಳಸಬಾರದು? ಮಳೆಗಾಲದಲ್ಲಿ ಆರ್ದ್ರತೆ ಶೇ. 80 ದಾಟುತ್ತದೆ, ಅದಕ್ಕೇನು ಮಾಡಬೇಕು? ಇನ್ನೊಂದು, ಅಂಗಡಿಯಲ್ಲಿ ಸಿಗುವ ಮಾನಿಟರ್ ಒಂದು ಕೋಣೆಯಲ್ಲಿ ಟಿವಿಒಸಿ (ಗಾಳಿಯಲ್ಲಿರುವ ಒಟ್ಟು ಸಾವಯವ ಆವಿ) 1200 ಪಿಪಿಬಿ (ನೂರು ಕೋಟಿಯಲ್ಲಿ 1200 ಪಾಲು) ತೋರಿಸುತ್ತಿದೆ. ಆ ಅಂಕಿಗೆ ಬೆಲೆ ಇದೆಯೇ?

ಹೀರುಗೊಳವೆ
ಮೊದಲ ಪ್ರಶ್ನೆಯಿಂದಲೇ ಶುರು ಮಾಡೋಣ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಟೆನಾಕ್ಸ್ ಟಿಎಯ ಮೇಲ್ಮೈ ಗ್ರಾಂಗೆ ಬರೀ 35 ಚದರ ಮೀಟರ್. ಕಾರ್ಬನ್ ಪುಡಿಯಾದ ಕಾರ್ಬೋಪ್ಯಾಕ್ ಬಿ ಸುಮಾರು 100. ಕಾರ್ಬಾಕ್ಸೆನ್ ತರಹದ ಕಾರ್ಬನ್ ಮಾಲಿಕ್ಯುಲರ್ ಸೀವ್ ಸಾವಿರ ದಾಟುತ್ತದೆ. ಆದರೂ ಐಎಸ್‌ಒ 16000-6 ಕ್ರಮ ಒಳಗಾಳಿಗೆ ಆರಿಸಿಕೊಂಡದ್ದು ಟೆನಾಕ್ಸನ್ನೇ. ಹಿಡಿದದ್ದನ್ನು ಪೂರ್ತಿ ಬಿಟ್ಟುಕೊಡುವುದೂ ಸಾರ್ಬೆಂಟಿನ (ನಳಿಕೆಯೊಳಗಿನ ಹೀರುವ ಪುಡಿಯ) ಕೆಲಸ. ಟೆನಾಕ್ಸ್ 350 ಡಿಗ್ರಿಯವರೆಗೆ ತಾಳುತ್ತದೆ, ನೀರನ್ನು ಹತ್ತಿರ ಸೇರಿಸುವುದಿಲ್ಲ, ಹೆಕ್ಸೇನ್‌ನಿಂದ ಹೆಕ್ಸಾಡೆಕೇನ್‌ವರೆಗಿನ ವ್ಯಾಪ್ತಿಯನ್ನು 280-300 ಡಿಗ್ರಿಯಲ್ಲಿ ಶುದ್ಧವಾಗಿ ಬಿಡುತ್ತದೆ. ಕಾರ್ಬಾಕ್ಸೆನ್‌ನ ಕಿರುರಂಧ್ರಗಳಿಗೆ ಭಾರದ ಅಣು ಹೊಕ್ಕರೆ ಹೊರಗೆ ಬರುವುದಿಲ್ಲ. ಮುಂದಿನ ಮಾದರಿಯಲ್ಲಿ ಅರ್ಧಂಬರ್ಧ ಬಂದು ಎರಡನ್ನೂ ಕೆಡಿಸುತ್ತದೆ.

ಎರಡನೆಯ ಮಾತು: ಫಾರ್ಮಾಲ್ಡಿಹೈಡನ್ನೂ ಬೆಂಜೀನನ್ನೂ ಒಂದೇ ನಳಿಕೆಯಲ್ಲಿ ಹಿಡಿಯುವ ಆಸೆ ಬಿಡಿ. ಫಾರ್ಮಾಲ್ಡಿಹೈಡ್ ಕುದಿಯುವುದು ಮೈನಸ್ 19 ಡಿಗ್ರಿಯಲ್ಲಿ. ಟೆನಾಕ್ಸ್ ಮೇಲೆ ಅದು ನಿಲ್ಲುವುದೇ ಇಲ್ಲ. ಅದಕ್ಕೆ ಡಿಎನ್‌ಪಿಎಚ್ (ಫಾರ್ಮಾಲ್ಡಿಹೈಡ್ ಜೊತೆ ಪ್ರತಿಕ್ರಿಯಿಸುವ ಸಂಯುಕ್ತ) ಲೇಪಿಸಿದ ಸಿಲಿಕಾ ಕಾರ್ಟ್ರಿಜ್, ಐಎಸ್‌ಒ 16000-3ರ ಕ್ರಮ. ಬೆಂಜೀನ್, ಟಾಲೂಯಿನ್‌ಗೆ ಸಾರ್ಬೆಂಟ್ ನಳಿಕೆ. ಎರಡು ಪಂಪು, ಎರಡು ಸಾಲು.

ಸೂಕ್ಷ್ಮರಂಧ್ರ
ಮಾಫ್ ಬಗ್ಗೆ ನಾನು ಸೇರಿಸುತ್ತೇನೆ. 2025ರ ರಸಾಯನಶಾಸ್ತ್ರದ ನೊಬೆಲ್ ಕಿತಗಾವಾ, ರಾಬ್ಸನ್, ಯಾಘಿ ಮೂವರಿಗೆ ಬಂದ ಮೇಲೆ ಎಲ್ಲ ವಿದ್ಯಾರ್ಥಿಗಳ ಬಾಯಲ್ಲೂ ಇದೇ ಪ್ರಶ್ನೆ, ಒಳ್ಳೆಯ ಪ್ರಶ್ನೆಯೂ ಹೌದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೇ ಈ ಚೌಕಟ್ಟುಗಳ ಮೇಲೆ ವರ್ಷಗಳಿಂದ ಕೆಲಸ ನಡೆದಿದೆ. ಆದರೆ ಯಾವ ಮಾಫ್ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಮಾಫ್-5 ತೇವದ ಗಾಳಿಯಲ್ಲೇ ಕುಸಿಯುತ್ತದೆ. ಸತುವಿಗೂ ಕಾರ್ಬಾಕ್ಸಿಲೇಟಿಗೂ ನಡುವಿನ ಬಂಧವನ್ನು ನೀರು ಒಡೆಯುತ್ತದೆ. ಎಚ್‌ಕೆಯುಎಸ್‌ಟಿ-1ರ ತಾಮ್ರದ ತೆರೆದ ತಾಣಗಳಿಗೆ ಮೊದಲು ಬಂದು ಕೂರುವುದು ನೀರೇ. ಒಣಗಿದಾಗ ಕಡು ನೀಲಿ ಇರುವ ಪುಡಿ ಗಾಳಿಗೆ ಇಟ್ಟರೆ ತಿಳಿ ನೀಲಿಗೆ ತಿರುಗುವುದನ್ನು ಕಣ್ಣಲ್ಲೇ ನೋಡಬಹುದು. ಎಂಐಎಲ್-101 ಕ್ರೋಮಿಯಂ ಗಟ್ಟಿ, ಮೇಲ್ಮೈಯೂ ಗ್ರಾಂಗೆ 3000 ಚದರ ಮೀಟರಿನ ಆಸುಪಾಸು, ಆದರೆ ಹೆಚ್ಚು ಆರ್ದ್ರತೆಯಲ್ಲಿ ತನ್ನ ತೂಕದಷ್ಟೇ ನೀರು ಕುಡಿಯುತ್ತದೆ. ಮಂಗಳೂರಿಗೆ ಅದು ಬೇಡ. ಜಿಫ್-8 ನೀರಿಗೆ ಹೆದರುವುದಿಲ್ಲ, ಆದರೆ ಅದರ ರಂಧ್ರದ ಕಿಟಕಿ 3.4 ಆಂಗ್‌ಸ್ಟ್ರಂ, ಬೆಂಜೀನಿನ ಗಾತ್ರ 5.85. ಕೊಂಡಿಗಳು ಸ್ವಲ್ಪ ಹೊರಳುವುದರಿಂದ ಬೆಂಜೀನ್ ನುಸುಳುತ್ತದೆ ನಿಜ, ಆದರೆ ತುಂಬಾ ನಿಧಾನ. ನಿಮಿಷಕ್ಕೆ 50 ಮಿ.ಲೀ. ಹರಿಯುವ ನಳಿಕೆಯಲ್ಲಿ ಗಾಳಿ ಪುಡಿಯ ಪಕ್ಕ ಇರುವುದೇ ಸೆಕೆಂಡಿನಷ್ಟು ಹೊತ್ತು, ಅಷ್ಟರಲ್ಲಿ ಒಳಹೋಗದ್ದು ದಾಟಿ ಹೋಗುತ್ತದೆ. ಜಿರ್ಕೋನಿಯಂನ ಯುಐಒ-66 ಕುಟುಂಬ ಹೆಚ್ಚು ಭರವಸೆಯದು: ಕಿಟಕಿ ಸುಮಾರು 6 ಆಂಗ್‌ಸ್ಟ್ರಂ, ನೀರಿಗೂ ಬಿಸಿಗೂ ತಡೆಯುತ್ತದೆ.

ಪ್ರಾಯೋಗಿಕ ತೊಡಕು ಇನ್ನೊಂದಿದೆ. ಪ್ರಯೋಗಾಲಯದಲ್ಲಿ ಬರುವ ಮಾಫ್ ನಯವಾದ ಪುಡಿ. ಹಾಗೇ ತುಂಬಿದರೆ ಪಂಪು ಎಳೆಯಲಾರದು. ಒತ್ತಿ, ಮುರಿದು, 60/80 ಮೆಶ್ ಜರಡಿಯಲ್ಲಿ ಸೋಸಿ ಹರಳು ಮಾಡಿಕೊಳ್ಳಬೇಕು. ಹೆಚ್ಚು ಒತ್ತಿದರೆ ರಂಧ್ರಗಳೇ ಕುಸಿಯುತ್ತವೆ, ಒತ್ತುವ ಮೊದಲೂ ನಂತರವೂ ಬಿಇಟಿ (ಮೇಲ್ಮೈ) ಅಳತೆ ಮಾಡಿ ನೋಡಬೇಕು. ಪ್ರಾಜೆಕ್ಟಿನ ಒಂದು ಅಧ್ಯಾಯಕ್ಕೆ ಯುಐಒ-66 ನಳಿಕೆಯನ್ನು ಟೆನಾಕ್ಸ್ ಪಕ್ಕದಲ್ಲಿಟ್ಟು ಹೋಲಿಸಿ. ಮನೆಯವರಿಗೆ ಕೊಡುವ ಅಂಕಿ ಮಾತ್ರ ಟೆನಾಕ್ಸಿನದೇ ಇರಲಿ.

ಮಾಪನಮಿತ್ರ
ಮಾನಿಟರ್ ಪ್ರಶ್ನೆಗೆ ಉತ್ತರ. ಅದರೊಳಗಿರುವುದೂ ಸರಂಧ್ರ ವಸ್ತುವೇ, ಬಿಸಿ ಮಾಡಿದ ಲೋಹದ ಆಕ್ಸೈಡಿನ ತೆಳು ಪದರ, ಹೆಚ್ಚಾಗಿ ತವರದ ಆಕ್ಸೈಡ್. ಮೇಲ್ಮೈಯಲ್ಲಿ ಕೂತ ಆಮ್ಲಜನಕ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟಿರುತ್ತದೆ. ಉರಿಯಬಲ್ಲ ಯಾವುದೇ ಆವಿ ಬಂದು ಆ ಆಮ್ಲಜನಕವನ್ನು ತಿಂದರೆ ಎಲೆಕ್ಟ್ರಾನ್ ಬಿಡುಗಡೆಯಾಗಿ ರೋಧ ಇಳಿಯುತ್ತದೆ. ಯಾವ ಆವಿ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಸ್ಯಾನಿಟೈಸರಿನ ಎಥನಾಲ್, ದೋಸೆ ಹಿಟ್ಟು ಹುದುಗುವಾಗ ಬರುವ ಆವಿ, ಹೈಡ್ರೋಜನ್, ಎಲ್ಲಕ್ಕೂ ಒಂದೇ ಉತ್ತರ. ನಿಮ್ಮ 1200 ಪಿಪಿಬಿಯಲ್ಲಿ ಬೆಂಜೀನ್ ಸೊನ್ನೆ ಇರಬಹುದು, 10 ಇರಬಹುದು.

ಇನ್ನು ಕೆಲವು ಚಿಪ್‌ಗಳು ಸಾರತೆಯನ್ನೇ ಕೊಡುವುದಿಲ್ಲ. ಉದಾಹರಣೆಗೆ ಎಸ್‌ಜಿಪಿ40 ಕೊಡುವುದು 1ರಿಂದ 500ರವರೆಗಿನ ಸೂಚ್ಯಂಕ. ಅದರಲ್ಲಿ 100 ಎಂದರೆ ಆ ಕೋಣೆಯ ಕಳೆದ 24 ಗಂಟೆಯ ಸರಾಸರಿ. ಸದಾ ಕೆಟ್ಟಿರುವ ಕೋಣೆಯೂ 100 ತೋರಿಸುತ್ತದೆ. ಹಾಗೆಂದು ಬಿಸಾಡಬೇಡಿ. ಗಾಳಿ ಯಾವ ಹೊತ್ತಿಗೆ ಬದಲಾಗುತ್ತದೆ, ಕಿಟಕಿ ತೆರೆದಾಗ ಎಷ್ಟು ಬೇಗ ಇಳಿಯುತ್ತದೆ ಎಂದು ನೋಡಲು ಅದು ಚೆನ್ನಾಗಿದೆ. ನಳಿಕೆ ಯಾವಾಗ ಇಡಬೇಕು ಎಂದು ಅದನ್ನು ನೋಡಿ ನಿರ್ಧರಿಸಿ.

ಕಡಲತಡಿ
ತುಂಬ ಧನ್ಯವಾದ. ಹಾಗಾದರೆ ನಿಮಿಷಕ್ಕೆ 50 ಮಿ.ಲೀ.ನಂತೆ ಎರಡು ಗಂಟೆ, ಒಟ್ಟು 6 ಲೀಟರ್ ಎಳೆಯೋಣ ಎಂದುಕೊಂಡಿದ್ದೇವೆ. 200 ಮಿ.ಗ್ರಾಂ ಟೆನಾಕ್ಸಿಗೆ ಬೆಂಜೀನಿನ ಸುರಕ್ಷಿತ ಪರಿಮಾಣ (ಆವಿ ದಾಟಿಹೋಗದಂತೆ ಎಳೆಯಬಹುದಾದ ಗಾಳಿ) 6.2 ಲೀಟರ್ ಎಂದು ಪಟ್ಟಿಯಲ್ಲಿದೆ. ಸರಿಯಾದೀತೇ?

ಹೀರುಗೊಳವೆ
ಆಗುವುದಿಲ್ಲ. ಆ 6.2 ಲೀಟರ್ 20 ಡಿಗ್ರಿಗೆ. ಪ್ರತಿ 10 ಡಿಗ್ರಿ ಏರಿದಾಗ ಅದು ಹೆಚ್ಚುಕಡಿಮೆ ಅರ್ಧವಾಗುತ್ತದೆ. ನಿಮ್ಮ ಕೋಣೆ 30 ಡಿಗ್ರಿ ಎಂದರೆ 3 ಲೀಟರಿನಷ್ಟೇ ಉಳಿಯಿತು. 6 ಲೀಟರ್ ಎಳೆದರೆ ಬೆಂಜೀನ್ ನಳಿಕೆಯ ಇನ್ನೊಂದು ತುದಿಯಿಂದ ಹೊರಟುಹೋಗಿರುತ್ತದೆ. ವರದಿಯಲ್ಲಿ ಗಾಳಿ ಇರುವುದಕ್ಕಿಂತ ಶುದ್ಧವಾಗಿ ಕಾಣುತ್ತದೆ, ಅದೇ ಅಪಾಯ. ಟಾಲೂಯಿನ್‌ಗೆ 20 ಡಿಗ್ರಿಯಲ್ಲಿ 38 ಲೀಟರ್ ಇರುವುದರಿಂದ ಅದರ ಅಂಕಿ ಸರಿಯಾಗೇ ಬರುತ್ತದೆ. ಹಾಗಾಗಿ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

2 ಲೀಟರಿಗೆ ನಿಲ್ಲಿಸಿ: 50 ಮಿ.ಲೀ.ನಂತೆ 40 ನಿಮಿಷ. ಗಾಳಿಯಲ್ಲಿ ಬೆಂಜೀನ್ ಘನ ಮೀಟರಿಗೆ 5 ಮೈಕ್ರೋಗ್ರಾಂ ಇದ್ದರೆ ನಳಿಕೆಗೆ ಬರುವುದು 10 ನ್ಯಾನೋಗ್ರಾಂ. ಥರ್ಮಲ್ ಡಿಸಾರ್ಪ್ಷನ್‌ನಲ್ಲಿ ಹಿಡಿದದ್ದೆಲ್ಲ ಜಿಸಿಯ ಕಾಲಮ್ಮಿಗೆ (ಆವಿಗಳನ್ನು ಬೇರ್ಪಡಿಸುವ ಕೊಳವೆಗೆ) ಹೋಗುವ ಕಾರಣ ಇದು ಸಾಕಷ್ಟಾಯಿತು. ಇನ್ನೂ ಧೈರ್ಯ ಬೇಕಿದ್ದರೆ ಎರಡು ಹಾಸಿನ ನಳಿಕೆ: ಗಾಳಿ ಒಳಬರುವ ಕಡೆ ಟೆನಾಕ್ಸ್, ಹಿಂದೆ ಕಾರ್ಬೋಪ್ಯಾಕ್ ಬಿ. ದುರ್ಬಲ ಹಾಸು ಮುಂದೆ, ಬಲವಾದದ್ದು ಹಿಂದೆ. ಬಿಡುಗಡೆ ಮಾಡುವಾಗ ಅನಿಲ ಹಿಂದಿನಿಂದ ಮುಂದಕ್ಕೆ ಹರಿಯಬೇಕು. ತಲೆಕೆಳಗಾಗಿ ಹಾಕಿದರೆ ಭಾರದ ಸಂಯುಕ್ತಗಳೆಲ್ಲ ಕಾರ್ಬನ್ ಹಾಸಿಗೆ ಅಂಟುತ್ತವೆ. ಅದಕ್ಕೇ ಸ್ಟೀಲ್ ನಳಿಕೆಯ ಮೇಲೆ ಗೀರು ಇರುವ ತುದಿ ಗಾಳಿ ಒಳಬರುವ ಕಡೆಗೆ ಎಂದು ಎಲ್ಲರೂ ಬಾಯಿಪಾಠ ಮಾಡಿಕೊಳ್ಳಲಿ. ನಳಿಕೆ ನೆಟ್ಟಗೆ ನಿಲ್ಲಿಸಿ. ಮಲಗಿಸಿದರೆ ಪುಡಿ ಕುಸಿದು ಮೇಲ್ಗಡೆ ಸಂದಿಯಾಗಿ ಗಾಳಿ ಅಲ್ಲಿಂದಲೇ ಓಡುತ್ತದೆ.

ದಾಟಿಹೋಗಿದೆಯೇ ಎಂದು ಪತ್ತೆ ಮಾಡಲು ಎರಡು ದಾರಿ ಇವೆ. ಹಿಂದೆ ಇನ್ನೊಂದು ನಳಿಕೆ ಸಾಲಾಗಿ ಜೋಡಿಸಿ, ಅದರಲ್ಲಿ ಶೇ. 5ಕ್ಕಿಂತ ಹೆಚ್ಚು ಕಂಡರೆ ಆ ಮಾದರಿ ಬಿಡಿ. ಅಥವಾ ಅಮೆರಿಕದ ಪರಿಸರ ಸಂಸ್ಥೆಯ ಟಿಒ-17 ಕ್ರಮದಲ್ಲಿರುವಂತೆ ಒಂದಕ್ಕೆ ನಾಲ್ಕರ ಅನುಪಾತದ ಜೋಡಿ ತೆಗೆಯಿರಿ: ಅಕ್ಕಪಕ್ಕ ಎರಡು ನಳಿಕೆ, ಒಂದಕ್ಕೆ ನಿಮಿಷಕ್ಕೆ 12.5, ಇನ್ನೊಂದಕ್ಕೆ 50 ಮಿ.ಲೀ. 40 ನಿಮಿಷಕ್ಕೆ ಅರ್ಧ ಲೀಟರ್, 2 ಲೀಟರ್. ಎರಡೂ ಒಂದೇ ಸಾರತೆ ಹೇಳಬೇಕು. ದೊಡ್ಡ ಪರಿಮಾಣದ್ದು ಕಡಿಮೆ ಹೇಳಿದರೆ ದಾಟಿಹೋಗಿರಬಹುದು. ಇಲ್ಲವೇ ನಳಿಕೆಯ ಹಿನ್ನೆಲೆ ಕೊಳೆ ಸೇರಿಕೊಂಡು ಚಿಕ್ಕದ್ದೇ ಹೆಚ್ಚು ಹೇಳುತ್ತಿರಬಹುದು, ಖಾಲಿ ನಳಿಕೆಯ ಫಲಿತಾಂಶ ನೋಡಿದರೆ ಯಾವುದೆಂದು ತಿಳಿಯುತ್ತದೆ. 10 ಮಿ.ಲೀ.ಗಿಂತ ಕೆಳಗೆ ಇಳಿಯಬೇಡಿ, ವಿಸರಣದಿಂದ ತಾನಾಗಿ ಒಳಬರುವ ಪಾಲು ಲೆಕ್ಕ ಕೆಡಿಸುತ್ತದೆ.

ಬೇಸಾಯಶಾಲೆ
ಇಷ್ಟೆಲ್ಲ ದುಬಾರಿ ನಳಿಕೆ ಏಕೆ? ತೆಂಗಿನ ಚಿಪ್ಪಿನ ಸಕ್ರಿಯ ಇದ್ದಿಲಿನ ನಳಿಕೆ, ಮುಂದೆ 100 ಹಿಂದೆ 50 ಮಿ.ಗ್ರಾಂನದು, ಕಡಿಮೆ ಬೆಲೆಗೆ ಸಿಗುತ್ತದೆ. ಕಾರ್ಬನ್ ಡೈಸಲ್ಫೈಡ್ ಹಾಕಿ ಕರಗಿಸಿ ಜಿಸಿಗೆ ಕೊಡಬಹುದಲ್ಲ.

ಹೀರುಗೊಳವೆ
ಕಾರ್ಖಾನೆಯ ಪಿಪಿಎಂ ಮಟ್ಟಕ್ಕೆ ಅದು ಸರಿಯಾದ ಆಯ್ಕೆ ಸರ್. ಮನೆಗೆ ಲೆಕ್ಕ ಹೊಂದುವುದಿಲ್ಲ. ಅದೇ 10 ನ್ಯಾನೋಗ್ರಾಂ 1 ಮಿ.ಲೀ. ದ್ರಾವಕಕ್ಕೆ ಹೋಗಿ, ಅದರಿಂದ 1 ಮೈಕ್ರೋಲೀಟರ್ ಚುಚ್ಚಿದರೆ ಕಾಲಮ್ಮಿಗೆ ತಲುಪುವುದು 10 ಪಿಕೋಗ್ರಾಂ. ಸಾವಿರದಲ್ಲೊಂದು ಪಾಲು. ಸಾಲದ್ದಕ್ಕೆ ಕಾರ್ಬನ್ ಡೈಸಲ್ಫೈಡಿನಲ್ಲೇ ಬೆಂಜೀನ್ ಕಲಬೆರಕೆ ಇರುತ್ತದೆ, ದ್ರಾವಕದ ಬೆಂಜೀನನ್ನೇ ಮನೆಯದ್ದೆಂದು ಬರೆಯುವ ಸ್ಥಿತಿ ಬರುತ್ತದೆ. ಆ ದ್ರಾವಕ ವಿಷ, ಬೇಗ ಹೊತ್ತಿಕೊಳ್ಳುತ್ತದೆ. ವಿದ್ಯಾರ್ಥಿಗಳ ಕೈಗೆ ಕೊಡುವಂಥದ್ದಲ್ಲ.

ಕಡಲತಡಿ
ತೇವದ ಲೆಕ್ಕ ಇನ್ನೂ ಉಳಿದಿದೆ.

ಹೀರುಗೊಳವೆ
30 ಡಿಗ್ರಿಯಲ್ಲಿ ಗಾಳಿ ಘನ ಮೀಟರಿಗೆ ಸುಮಾರು 30 ಗ್ರಾಂ ನೀರಾವಿ ಹೊರಬಲ್ಲದು. ಶೇ. 80 ಎಂದರೆ 24 ಗ್ರಾಂ. 2 ಲೀಟರ್ ಎಳೆದಾಗ ನಳಿಕೆಯ ಮೂಲಕ 48 ಮಿ.ಗ್ರಾಂ ನೀರು ಹಾದುಹೋಗುತ್ತದೆ. ನಿಮಗೆ ಬೇಕಾದ ಬೆಂಜೀನ್ 10 ನ್ಯಾನೋಗ್ರಾಂ, ಅದರ 48 ಲಕ್ಷ ಪಟ್ಟು ನೀರು. ನೀರನ್ನು ಇಷ್ಟಪಡುವ ರಂಧ್ರ ಮೊದಲು ನೀರಿನಿಂದಲೇ ತುಂಬಿಹೋಗುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಟೆನಾಕ್ಸ್ ಮತ್ತು ಕಾರ್ಬೋಪ್ಯಾಕ್ ಎರಡೂ ನೀರನ್ನು ಅಷ್ಟಾಗಿ ಹಿಡಿಯವು. ಉಳಿದ ಅಲ್ಪಸ್ವಲ್ಪಕ್ಕೆ ಒಣ ಹೀಲಿಯಂ ಇಲ್ಲವೇ ನೈಟ್ರೋಜನನ್ನು ಗಾಳಿ ಎಳೆದ ದಿಕ್ಕಿನಲ್ಲೇ, ಕೋಣೆಯ ಉಷ್ಣತೆಯಲ್ಲೇ, ನಿಮಿಷಕ್ಕೆ 50 ಮಿ.ಲೀ.ನಂತೆ ಕೆಲವು ನಿಮಿಷ ಹರಿಸಿ. ಈ ಒಣ ಅನಿಲವೂ ಸುರಕ್ಷಿತ ಪರಿಮಾಣದ ಲೆಕ್ಕಕ್ಕೆ ಸೇರುತ್ತದೆ. 5 ನಿಮಿಷಕ್ಕೆ ಕಾಲು ಲೀಟರ್ ಆಯಿತು. ಬಿಡಿಸಿದ ಆವಿಯನ್ನು ಕೂಡಿಡುವ ಯಂತ್ರದ ತಣ್ಣನೆ ಟ್ರ್ಯಾಪನ್ನು ಮೈನಸ್ 30ಕ್ಕೆ ಇಳಿಸಬೇಡಿ, ನೀರು ಹಿಮಗಟ್ಟಿ ಹರಿವು ನಿಲ್ಲುತ್ತದೆ, ಯಂತ್ರದ ನಕ್ಷೆಯಲ್ಲಿ ಶಿಖರಗಳ ಸಮಯ ಜರುಗುತ್ತದೆ. ಎಸಿ ಕೋಣೆಯಿಂದ ತಂದ ತಣ್ಣನೆ ನಳಿಕೆಯನ್ನು ತೇವದ ಕೋಣೆಯಲ್ಲಿ ತಕ್ಷಣ ತೆರೆಯುವುದೂ ತಪ್ಪು, ಒಳಗೇ ಹನಿಗಟ್ಟುತ್ತದೆ. ಮುಚ್ಚಳ ತೆಗೆಯುವ ಮೊದಲು ಕೋಣೆಯ ಬಿಸಿಗೆ ಬರಲಿ.

ಅಂದಹಾಗೆ ನಳಿಕೆಯ ಸಿದ್ಧತೆ. ಹೊಸದನ್ನು 320-330 ಡಿಗ್ರಿಯಲ್ಲಿ, ನಿಮಿಷಕ್ಕೆ 50-100 ಮಿ.ಲೀ. ಶುದ್ಧ ಅನಿಲ ಹರಿಸಿ ಒಂದೆರಡು ಗಂಟೆ ಕಾಯಿಸಿ. ಮೊದಲು ಕೋಣೆಯ ಉಷ್ಣತೆಯಲ್ಲೇ ಅನಿಲ ಹರಿಸಿ ಆಮ್ಲಜನಕ ಹೊರಹಾಕಿ, ಆಮೇಲೆ ಬಿಸಿ ಏರಿಸಿ. ಆಮ್ಲಜನಕ ಉಳಿದಿರುವಾಗ ಕಾಯಿಸಿದರೆ ಪಾಲಿಮರೇ ಕೆಡುತ್ತದೆ. ಹಿತ್ತಾಳೆ ಮುಚ್ಚಳ, ಪಿಟಿಎಫ್‌ಇ ಫೆರೂಲ್ (ಬಿಗಿಯುಂಗುರ). ಬೆರಳ ತುದಿಯಲ್ಲಿ ಬಿಗಿ ಮಾಡಿ, ಸ್ಪ್ಯಾನರಿನಲ್ಲಿ ಕಾಲು ಸುತ್ತು. ಮಾರ್ಕರ್ ಪೆನ್ನಿನಿಂದ ನಳಿಕೆಯ ಮೇಲೆ ಬರೆಯಬೇಡಿ, ಅದರ ದ್ರಾವಕವೇ ಮೊದಲ ಶಿಖರವಾಗಿ ಬಂದೀತು. ಕೆತ್ತಿದ ಸಂಖ್ಯೆ ಸಾಕು.

ಹೊಸಮನೆ ರಸಾಯನ
ಫಾರ್ಮಾಲ್ಡಿಹೈಡ್ ಕಡೆ ನಾನು ಬರೆಯುತ್ತೇನೆ, ಪಾರ್ಟಿಕಲ್ ಬೋರ್ಡಿನ ಮನೆಯಲ್ಲಿ ನಿಜವಾದ ಕಥೆ ಇಲ್ಲಿದೆ. ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು ತೇವ ಮತ್ತು ಬಿಸಿಗೆ ಜಲವಿಭಜನೆಗೊಂಡು ಅನಿಲ ಬಿಡುತ್ತದೆ. ಆದ್ದರಿಂದ ಕರಾವಳಿಯ ಏಪ್ರಿಲ್-ಮೇ ತಿಂಗಳ ಅಳತೆಗೂ ಬೆಂಗಳೂರಿನ ಡಿಸೆಂಬರ್ ಅಳತೆಗೂ ಹೋಲಿಕೆ ಮಾಡಬೇಡಿ. ಪ್ರತಿ ಮಾದರಿಯ ಜೊತೆ ಉಷ್ಣತೆ, ಆರ್ದ್ರತೆ ಬರೆದಿರಲೇಬೇಕು.

ಇಲ್ಲಿ ಸಿಲಿಕಾದ ರಂಧ್ರ ಹಿಡಿಯುವುದಿಲ್ಲ, ಪ್ರತಿಕ್ರಿಯೆಗೆ ಜಾಗ ಕೊಡುತ್ತದೆ ಅಷ್ಟೇ. ಫಾರ್ಮಾಲ್ಡಿಹೈಡ್ ಆಮ್ಲೀಯ ಡಿಎನ್‌ಪಿಎಚ್ ಜೊತೆ ಸೇರಿ ಹೈಡ್ರಜೋನ್ ಆಗುತ್ತದೆ, ಇದು ಗಟ್ಟಿ ಬಂಧ. ತೇವಕ್ಕೆ ಸುಲಭವಾಗಿ ಸೋಲುವುದಿಲ್ಲ. ನಿಮಿಷಕ್ಕೆ 1 ಲೀಟರಿನಂತೆ ಒಂದು ಗಂಟೆ, 60 ಲೀಟರ್. ಘನ ಮೀಟರಿಗೆ 50 ಮೈಕ್ರೋಗ್ರಾಂ ಇದ್ದರೆ 3 ಮೈಕ್ರೋಗ್ರಾಂ ಫಾರ್ಮಾಲ್ಡಿಹೈಡ್, ಅದು 21 ಮೈಕ್ರೋಗ್ರಾಂ ಹೈಡ್ರಜೋನ್ ಆಗುತ್ತದೆ. 5 ಮಿ.ಲೀ. ಅಸಿಟೋನೈಟ್ರೈಲಿನಲ್ಲಿ ಇಳಿಸಿದರೆ ಮಿ.ಲೀ.ಗೆ 4.2. ಎಚ್‌ಪಿಎಲ್‌ಸಿಯಲ್ಲಿ 360 ನ್ಯಾನೋಮೀಟರಿಗೆ ಸಲೀಸಾಗಿ ಕಾಣುತ್ತದೆ. ಹೈಡ್ರಜೋನ್ ಅಂಕಿಯನ್ನು 0.143ರಿಂದ ಗುಣಿಸಿದರೆ ಫಾರ್ಮಾಲ್ಡಿಹೈಡ್. ಮಾನಕವನ್ನು ಫಾರ್ಮಾಲ್ಡಿಹೈಡ್ ಲೆಕ್ಕದಲ್ಲಿ ಕೊಂಡಿದ್ದೀರೋ ಹೈಡ್ರಜೋನ್ ಲೆಕ್ಕದಲ್ಲೋ ಎಂದು ಸೀಸೆಯ ಮೇಲೆ ಓದಿ. ಇಲ್ಲಿ ಎಡವಿದರೆ ಉತ್ತರ ಏಳು ಪಟ್ಟು ತಪ್ಪುತ್ತದೆ.

ಪರಿಮಾಣ ಕಡಿಮೆ ಮಾಡಬೇಡಿ. ಒಳ್ಳೆಯ ಕಾರ್ಟ್ರಿಜ್‌ನ ಹಿನ್ನೆಲೆಯೇ 0.15 ಮೈಕ್ರೋಗ್ರಾಂವರೆಗೆ ಇರಬಹುದು. 5 ಲೀಟರ್ ಎಳೆದು, ಗಾಳಿಯಲ್ಲಿ 20 ಮೈಕ್ರೋಗ್ರಾಂ ಇದ್ದರೆ ಬರುವುದೇ 0.1. ಅಳೆದದ್ದು ಗಾಳಿಯನ್ನಲ್ಲ, ಕಾರ್ಟ್ರಿಜನ್ನು. ಇನ್ನೊಂದು ಕಡೆ 1 ಮಿ.ಗ್ರಾಂ ಡಿಎನ್‌ಪಿಎಚ್ ಪೂರ್ತಿ ಖರ್ಚಾದರೂ ಸುಮಾರು 150 ಮೈಕ್ರೋಗ್ರಾಂ ಫಾರ್ಮಾಲ್ಡಿಹೈಡನ್ನಷ್ಟೇ ಹಿಡಿಯಬಲ್ಲದು, ಅದರಲ್ಲೂ ಅಸಿಟೋನ್ ಪಾಲು ಕೇಳುತ್ತದೆ. ಉಗುರುಬಣ್ಣ ತೆಗೆಯುವ ದ್ರವ ಆ ಕೋಣೆಯಲ್ಲಿ ಬೇಡ.

ಓಝೋನ್ ಡಿಎನ್‌ಪಿಎಚ್ಚನ್ನೂ ಹೈಡ್ರಜೋನನ್ನೂ ತಿನ್ನುತ್ತದೆ, ಮುಂದೆ ಪೊಟ್ಯಾಸಿಯಂ ಅಯೋಡೈಡ್ ತುಂಬಿದ ಕಾರ್ಟ್ರಿಜ್ ಇರಲಿ. ಕರಾವಳಿಯ ಮಳೆಗಾಲದಲ್ಲಿ ಇದು ನೀರು ಹೀರಿ ಕರಗಿ ಹರಿಯಬಹುದು. ಪ್ರತಿ ಬಾರಿ ಹೊಸದು ಹಾಕಿ, ಕಣ್ಣಿಗೆ ಒದ್ದೆ ಕಂಡರೆ ಮಾದರಿ ಬಿಡಿ. ಗ್ಯಾಸ್ ಒಲೆಯ ನೈಟ್ರೋಜನ್ ಡೈಆಕ್ಸೈಡ್ ಕೂಡ ಡಿಎನ್‌ಪಿಎಚ್ ಜೊತೆ ಸೇರಿ ಅಜೈಡ್ ಆಗುತ್ತದೆ. ಕಾಲಮ್ ಸರಿಯಾಗಿ ಬೇರ್ಪಡಿಸದಿದ್ದರೆ ಫಾರ್ಮಾಲ್ಡಿಹೈಡಿನ ಶಿಖರದ ಮೇಲೇ ಕೂರುತ್ತದೆ. ಅಡುಗೆಮನೆಯ ಅಂಕಿ ಅಸಹಜ ಹೆಚ್ಚಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಬೇಸಾಯಶಾಲೆ
ಬಣ್ಣ ಬದಲಿಸುವ ಸಿಲಿಕಾ ಪಟ್ಟಿ ಮಾಡಿ ಮೊಬೈಲ್ ಕ್ಯಾಮೆರಾದಲ್ಲಿ ಓದಲಾಗದೇ? ಅಸಿಟೈಲ್‌ಅಸಿಟೋನ್, ಅಮೋನಿಯಂ ಅಸಿಟೇಟ್ ಎರಡೂ ಕಾಲೇಜಿನಲ್ಲೇ ಇರುತ್ತವೆ.

ಹೊಸಮನೆ ರಸಾಯನ
ಆ ರಸಾಯನ ಸರಿ, ಮಟ್ಟ ಸಾಲದು. ಲೆಕ್ಕ ನೋಡಿ. ಅದೇ 3 ಮೈಕ್ರೋಗ್ರಾಂ ಅನ್ನು 10 ಮಿ.ಲೀ. ನೀರಿನಲ್ಲಿ ಹಿಡಿದು, ಅಷ್ಟೇ ನ್ಯಾಶ್ ದ್ರಾವಣ (ನೀವು ಹೇಳಿದ ಎರಡೂ ಇರುವಂಥದ್ದು) ಸೇರಿಸಿ 60 ಡಿಗ್ರಿಯಲ್ಲಿ 10 ನಿಮಿಷ ಇಟ್ಟರೆ 412 ನ್ಯಾನೋಮೀಟರಿನಲ್ಲಿ ಹೀರಿಕೆ 0.04. ಸ್ಪೆಕ್ಟ್ರೋಫೋಟೋಮೀಟರಿಗೇ ಅದು ಅಂಚು. ದ್ರಾವಣ ಬೇಕಿದ್ದರೆ: 100 ಮಿ.ಲೀ. ನೀರಿಗೆ 15 ಗ್ರಾಂ ಅಮೋನಿಯಂ ಅಸಿಟೇಟ್, 0.3 ಮಿ.ಲೀ. ಅಸಿಟಿಕ್ ಆಮ್ಲ, 0.2 ಮಿ.ಲೀ. ಅಸಿಟೈಲ್‌ಅಸಿಟೋನ್. ಪಟ್ಟಿಗೆ ಲೇಪಿಸಿದರೆ ಅಸಿಟೈಲ್‌ಅಸಿಟೋನ್ ಆವಿಯಾಗಿ ಶಕ್ತಿ ಕುಂದುತ್ತದೆ. ಅದರ ಬದಲು ಫ್ಲೋರಲ್-ಪಿ ಎಂಬ ಸಂಯುಕ್ತವನ್ನು ನ್ಯಾನೋರಂಧ್ರದ ಸಿಲಿಕಾದಲ್ಲಿ ಅದುಮಿಟ್ಟು ಗಾಳಿ ಹಾಯಿಸುವ ದಾರಿ ಇದೆ. ರಂಧ್ರದೊಳಗೇ ಹಳದಿ ಬಣ್ಣ ಕೂಡಿಕೊಳ್ಳುವುದರಿಂದ ಪಿಪಿಬಿಗೂ ಇಳಿಯಬಹುದು. ಸಂಶೋಧನೆಗೆ ಇದು ಚೆಂದದ ವಿಷಯ.

ಕಡಲತಡಿ
ಕೋಣೆಯ ತಯಾರಿ ಹೇಗೆ? 15 ನಿಮಿಷ ಕಿಟಕಿ ತೆರೆದು, ನಂತರ 8 ಗಂಟೆ ಮುಚ್ಚಿಟ್ಟು ಅಳೆಯಬೇಕು ಎಂದು ಓದಿದ್ದೇವೆ.

ಮಾಪನಮಿತ್ರ
ಅದು ಸಹಜ ವಾತಾಯನದ ಕೋಣೆಗೆ ಐಎಸ್‌ಒ ಹೇಳುವ ಕ್ರಮ. ಪೀಠೋಪಕರಣ ಎಷ್ಟು ಬಿಡುತ್ತಿದೆ ಎಂದು ತಿಳಿಯಲು ಸರಿ. ಕೋಣೆಯ ಮಧ್ಯೆ, ಗೋಡೆಯಿಂದ ಕನಿಷ್ಠ 1 ಮೀಟರ್ ದೂರ, ನೆಲದಿಂದ 1ರಿಂದ 1.5 ಮೀಟರ್ ಎತ್ತರ. ನಮ್ಮ ಮನೆಗಳಲ್ಲಿ ಬಾಗಿಲ ಮೇಲಿನ ವೆಂಟಿಲೇಟರ್ ಮುಚ್ಚಲು ಬರುವುದೇ ಇಲ್ಲ, ಅದನ್ನು ಟಿಪ್ಪಣಿಯಲ್ಲಿ ಬರೆಯಿರಿ.

ಹೊಸಮನೆ ರಸಾಯನ
ಇಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ಮಂಗಳೂರಿನಲ್ಲಿ ಕಿಟಕಿ ಮುಚ್ಚಿ ಫ್ಯಾನ್ ನಿಲ್ಲಿಸಿ 8 ಗಂಟೆ ಯಾರೂ ಇರುವುದಿಲ್ಲ. ಆ ಅಂಕಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ 2010ರ ಮಾರ್ಗಸೂಚಿಯಲ್ಲಿ ಫಾರ್ಮಾಲ್ಡಿಹೈಡಿಗಿರುವ ಘನ ಮೀಟರಿಗೆ 0.1 ಮಿ.ಗ್ರಾಂ ಮಿತಿಯ ಜೊತೆ ಹೋಲಿಸಿ "ಅಪಾಯ" ಎಂದು ಮನೆಯವರಿಗೆ ಹೇಳುವುದು ನ್ಯಾಯವಲ್ಲ. ಆ ಮಿತಿ ಜನ ಉಸಿರಾಡುವ ಗಾಳಿಯ 30 ನಿಮಿಷದ ಸರಾಸರಿಗೆ. ಎರಡು ಬಾರಿ ಅಳೆಯಲಿ: ಒಮ್ಮೆ ಮುಚ್ಚಿಟ್ಟು, ಒಮ್ಮೆ ಅವರು ಮಲಗುವ ಹಾಗೆಯೇ.

ಮಾಪನಮಿತ್ರ
ಎರಡು ಬಾರಿ ಎಂದರೆ ಒಪ್ಪಿಗೆ. ಫಲಿತಾಂಶದ ಎದುರು ಸ್ಥಿತಿ ಬರೆಯದ ಅಂಕಿಯನ್ನು ಯಾರಿಗೂ ಕೊಡಬೇಡಿ. ಬೆಂಜೀನಿಗೆ ಆ ಮಾರ್ಗಸೂಚಿಯಲ್ಲಿ ಸುರಕ್ಷಿತ ಮಟ್ಟವೇ ಇಲ್ಲ. ನಮ್ಮ ದೇಶದ 5 ಮೈಕ್ರೋಗ್ರಾಂ ಮಿತಿ ಹೊರಗಿನ ಗಾಳಿಯ ವಾರ್ಷಿಕ ಸರಾಸರಿಯದು. ಆದ್ದರಿಂದ ಬಾಲ್ಕನಿಯಲ್ಲಿ ಅದೇ ಹೊತ್ತಿಗೆ ಇನ್ನೊಂದು ನಳಿಕೆ ಇಡದೆ ಒಳಗಿನ ಬೆಂಜೀನ್ ಬಗ್ಗೆ ಏನೂ ಹೇಳಲಾಗದು. ಕೆಳಗಿನ ಪಾರ್ಕಿಂಗಿನ ಪೆಟ್ರೋಲ್ ಆವಿ ಮೇಲೆ ಬಂದಿರಬಹುದು.

ಕಡಲತಡಿ
ಅಂತಿಮ ಯೋಜನೆ ಹೀಗಿದೆ. ಪ್ರತಿ ಮನೆಗೆ ಎರಡು ಸ್ಥಿತಿ, ಪ್ರತಿ ಸ್ಥಿತಿಗೆ ಟೆನಾಕ್ಸ್-ಕಾರ್ಬೋಪ್ಯಾಕ್ ಜೋಡಿ ಅರ್ಧ ಮತ್ತು 2 ಲೀಟರಿಗೆ, ಒಂದು ಡಿಎನ್‌ಪಿಎಚ್, ಬಾಲ್ಕನಿಗೊಂದು ನಳಿಕೆ, ತೆರೆಯದೆ ತಂದ ಖಾಲಿ ನಳಿಕೆ ಒಂದು. ಮಾದರಿಗಳನ್ನು ಮನೆಯ ಕ್ರಮದಲ್ಲೇ ಯಂತ್ರಕ್ಕೆ ಹಾಕುತ್ತೇವೆ.

ಹೀರುಗೊಳವೆ
ಯೋಜನೆ ಚೆನ್ನಾಗಿದೆ. ಮೂರು ತಿದ್ದುಪಡಿ. ಖಾಲಿ ಡಿಎನ್‌ಪಿಎಚ್ ಕಾರ್ಟ್ರಿಜ್ ಕೂಡ ಒಂದು ಜೊತೆಗಿರಲಿ, ಇಲ್ಲದಿದ್ದರೆ ಹಿನ್ನೆಲೆ ಕಳೆಯಲು ಏನೂ ಇರುವುದಿಲ್ಲ. ಪಂಪಿನ ಹರಿವನ್ನು ನಳಿಕೆ ಜೋಡಿಸಿದ ಸ್ಥಿತಿಯಲ್ಲೇ ಮೊದಲೂ ಕೊನೆಗೂ ಅಳೆಯಿರಿ, ಶೇ. 10ಕ್ಕಿಂತ ಹೆಚ್ಚು ಬದಲಾಗಿದ್ದರೆ ಆ ಮಾದರಿ ಬಿಡಿ.

ಮೂರನೆಯದು ಕರ್ಪೂರ. ಹಿಂದಿನ ದಿನದಿಂದ ಆರತಿ, ಊದುಬತ್ತಿ, ನುಸಿ ಗುಳಿಗೆ ಬೇಡವೆಂದು ಕೇಳಿಕೊಳ್ಳಬಹುದು, ಆದರೆ ಎರಡನೆಯ ಸ್ಥಿತಿಯಲ್ಲಿ ಅವರ ರೂಢಿಯನ್ನು ನಿಲ್ಲಿಸುವಂತಿಲ್ಲ. ಹಾಗಾಗಿ ಕರ್ಪೂರದ ಶಿಖರ ಉಳಿದೆಲ್ಲವನ್ನೂ ಮುಳುಗಿಸುವಷ್ಟು ದೊಡ್ಡದಾಗಿ ಬರುತ್ತದೆ, ಟ್ರ್ಯಾಪಿನಲ್ಲೂ ಕವಾಟದಲ್ಲೂ ಉಳಿದು ಮುಂದಿನ ಮನೆಯ ಲೆಕ್ಕಕ್ಕೆ ಸೇರುತ್ತದೆ. ಮನೆಯ ಕ್ರಮ ಬಿಡಿ. ಮೊದಲು ಖಾಲಿ ನಳಿಕೆ, ಆಮೇಲೆ ಬಾಲ್ಕನಿಯವು, ನಂತರ ಮುಚ್ಚಿಟ್ಟ ಕೋಣೆಯವು, ಕೊನೆಗೆ ಪೂಜೆ ನಡೆದ ಮನೆಯವು. ಜೋಡಿಯಲ್ಲಿ ಅರ್ಧ ಲೀಟರಿನದ್ದನ್ನೇ ಮೊದಲು ಹಾಕಿ, ಕರ್ಪೂರ ಹೆಚ್ಚಿದ್ದರೆ 2 ಲೀಟರಿನದ್ದಕ್ಕೆ ಸ್ಪ್ಲಿಟ್ ಏರಿಸಿ, ಅಂದರೆ ಕಾಲಮ್ಮಿಗೆ ಹೋಗುವ ಪಾಲು ಕಡಿಮೆ ಮಾಡಿ. ಅದರ ಹಿಂದೆ ಖಾಲಿ ನಳಿಕೆ ಓಡಿಸಿ, ಕರ್ಪೂರ ಹಿಂದಿನದರ ಶೇ. 1ಕ್ಕಿಂತ ಕೆಳಗೆ ಇಳಿಯುವವರೆಗೆ ಮುಂದಿನ ಮಾದರಿ ಹಾಕಬೇಡಿ.